ಹಗಲಿನ ಪಾಳಿ

ನವನಗರ, ಬಾಗಲಕೋಟೆ
೧೧ ಫೆಬ್ರುವರಿ ೨೦೨೫, ಮಂಗಳವಾರ

ನಾಹಿದಾಳ ಅಬ್ಬಾ ಅವರಿಗೆ ಹಜರತಬಿಯ ಸಲಾಮು.

ಮೊದಲು ನಿಮ್ಮ ಮೊಣಕಾಲು ಹೇಗಿದೆ ಹೇಳಿ. ಸಕ್ಕರೆ ಕಾಯಿಲೆಯ ಗುಳಿಗೆ ಊಟಕ್ಕೆ ಮುಂಚೆ ತೆಗೆದುಕೊಳ್ಳುತ್ತೀರೋ, ಇಲ್ಲಾ ಜೇಬಿನಲ್ಲಿಟ್ಟುಕೊಂಡು ತಿರುಗುತ್ತೀರೋ? ಇಳಕಲ್ಲಿನಲ್ಲಿ ನಿಮ್ಮ ತಂಗಿ ಊಟಕ್ಕೆ ಏನೂ ಕಡಿಮೆ ಮಾಡುವವಳಲ್ಲ, ಅದು ಗೊತ್ತು. ಆದರೆ ಅವಳ ಗಂಡ ಅಬ್ದುಲಸಾಬರ ಮಗ್ಗ ಬೆಳಗಿನಿಂದ ಬಡಿಯುವ ಮನೆಯಲ್ಲಿ ನಿಮಗೆ ಮಧ್ಯಾಹ್ನ ಕಣ್ಣಾದರೂ ಹತ್ತುತ್ತದೆಯೇ? ಫೋನಿನಲ್ಲಿ ಕೇಳಿದರೆ ‘ಹೂಂ, ಆರಾಮ ಅದೀನಿ’ ಎಂದು ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಇಟ್ಟುಬಿಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಸಾಲೆ ಬಿಟ್ಟು ಎಷ್ಟೋ ವರ್ಷವಾದವಳ ಅಕ್ಷರ, ನಗಬೇಡಿ.

ಹುನಗುಂದದ ಇರ್ಫಾನ, ನಿಮ್ಮ ಹಾಗೆಯೇ ಪಾರಿವಾಳದ ಹುಚ್ಚು ಹತ್ತಿಸಿಕೊಂಡವನು, ನಿನ್ನೆ ಟಂಟಂ ತಂದು ಬಾಗಿಲಲ್ಲಿ ನಿಂತ. ‘ಕಾಕಾ ಗೂಡು ಒಯ್ಯಂತ ಹೇಳ್ಯಾರ್ರಿ ಚಾಚಿ’ ಎಂದ. ಚಹಾ ಕುಡಿಸಿ ಖಾಲಿ ಗಾಡಿಯಲ್ಲೇ ಕಳಿಸಿದೆ. ಮದುವೆಯಾಗಿ ಬಂದ ದಿನದಿಂದ ಹಕ್ಕಿ ಗೂಡು ಹೊರಗೆ ಹಾಕಿ ಎಂದು ಜಗಳವಾಡಿದವಳು ನಾನು. ಈಗ ನೀವೇ ಹಾಕಿಸಲು ಹೊರಟಾಗ ಅಡ್ಡ ನಿಂತವಳೂ ನಾನೇ. ಓಣಿಯವರು ಕೇಳಿದರೆ ಬಿದ್ದು ಬಿದ್ದು ನಗುತ್ತಾರೆ. ಯಾಕೆ ಕೊಡಲಿಲ್ಲ ಎಂಬುದನ್ನು ಕೊನೆಗೆ ಬರೆಯುತ್ತೇನೆ. ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ಓದುವುದಿಲ್ಲ, ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ. ‘ಹಕ್ಕಿ ಇಲ್ಲದ ಮನಿಗೆ ನಾ ತಿರುಗಿ ಬರಂಗಿಲ್ಲ’ ಎಂದು ಬ್ಯಾಗು ಎತ್ತಿಕೊಂಡು ಹೋದಿರಿ. ಆ ಮನೆಯಲ್ಲಿ ನಾನೂ ಇದ್ದೇನೆ ಎಂಬುದು ಆ ಹೊತ್ತಿನಲ್ಲಿ ನಿಮಗೆ ನೆನಪಾಗಲಿಲ್ಲ. ಅದರಿಂದ ನನಗೆ ನೋವಾಗಿದೆ. ಬರೆದುಬಿಟ್ಟಿದ್ದೇನೆ, ಇನ್ನು ಅದರ ಮಾತು ಎತ್ತುವುದಿಲ್ಲ.

ನೀವು ಬಾದಾಮಿ ಬಸ್ಸು ಓಡಿಸುತ್ತಿದ್ದ ದಿನಗಳು ಈಗೀಗ ಬಹಳ ನೆನಪಾಗುತ್ತಿವೆ. ಸೀಟಿನ ಪಕ್ಕದಲ್ಲಿ ಬುಟ್ಟಿ, ಬುಟ್ಟಿಯ ಮೇಲೆ ಟವೆಲ್ಲು, ಒಳಗೆ ಗುಟುರು ಹಾಕುವ ಹಕ್ಕಿಗಳು. ಯಾರಾದರೂ ಕೇಳಿದರೆ ಕೋಳಿಮರಿ ಎನ್ನುತ್ತಿದ್ದಿರಂತೆ, ಕೋಳಿ ಎಲ್ಲಾದರೂ ಹಾಗೆ ಗುಟುರು ಹಾಕುತ್ತದೆಯೇ! ಬಾದಾಮಿ ಮುಟ್ಟಿದ ಮೇಲೆ ಕೆಂಪು ಗುಡ್ಡದ ಕಡೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಗಿಡುಗ ಇಲ್ಲವೆಂದು ಖಾತ್ರಿಯಾದರೆ ಬಿಡುತ್ತಿದ್ದಿರಿ. ನೀವು ತಿರುಗಿ ಬರುವ ಬಸ್ಸಿನಲ್ಲಿ ಅರ್ಧ ದಾರಿ ಇರುವಾಗಲೇ ಅವು ನಮ್ಮ ಮಾಳಿಗೆಯ ಮೇಲೆ ಇಳಿಯುತ್ತಿದ್ದವು. ಆಗ ಮನೆಯಲ್ಲಿ ಫೋನು ಎಲ್ಲಿತ್ತು? ರೆಕ್ಕೆ ಬಡಿದ ಸದ್ದು ಕೇಳಿದರೆ, ಬಾದಾಮಿ ಬಿಟ್ಟರು ಎಂದುಕೊಂಡು ಒಲೆ ಹೊತ್ತಿಸುತ್ತಿದ್ದೆ. ನೀವು ಕಾಲು ತೊಳೆಯುವ ಹೊತ್ತಿಗೆ ರೊಟ್ಟಿ ಬಿಸಿಯಾಗಿಯೇ ಇರುತ್ತಿತ್ತು. ಬಾಯಿ ಹಕ್ಕಿಗಳನ್ನು ಬೈಯುತ್ತಿತ್ತು, ಕಿವಿ ಮಾತ್ರ ಮಾಳಿಗೆಯ ಮೇಲೇ ಇರುತ್ತಿತ್ತು. ಒಮ್ಮೆ ನನ್ನನ್ನು ಗೂಡಿನ ಮುಂದೆ ಕೂರಿಸಿಕೊಂಡು ಕಾವು ಕೊಡುವ ರೀತಿ ತೋರಿಸಿದಿರಿ. ‘ನೋಡಿಲ್ಲೆ, ಹಗಲಿನ ಪಾಳಿ ಗಂಡಿಂದು, ರಾತ್ರಿ ಪಾಳಿ ಹೆಣ್ಣಿಂದು. ಒಂದಿನಾನೂ ತಪ್ಪಂಗಿಲ್ಲ’ ಎಂದಿರಿ. ನಾಹಿದಾ ಆಗ ತೊಟ್ಟಿಲಲ್ಲಿದ್ದಳು. ‘ಅದನ್ನ ನೀವೂ ಒಂದೀಟು ಕಲೀರಿ’ ಎಂದೆ. ನೀವು ನಕ್ಕು, ಹೋಗಿ ತೊಟ್ಟಿಲು ತೂಗಿದಿರಿ.

ಹಳೆ ಊರಿನ ನಮ್ಮ ಓಣಿ ಅಣೆಕಟ್ಟಿನ ಹಿನ್ನೀರಿನ ಪಾಲಾಗುತ್ತದೆ ಎಂದು ಈ ನವನಗರಕ್ಕೆ ಸಾಮಾನು ಕಟ್ಟಿದಾಗ ನಾನು ಪಾತ್ರೆಗಳ ಚಿಂತೆಯಲ್ಲಿದ್ದೆ, ನೀವು ಹಕ್ಕಿಗಳ ಚಿಂತೆಯಲ್ಲಿದ್ದಿರಿ. ‘ತತ್ತಿ ಒಡದ ಜಾಗಾನ ಹಕ್ಕಿಗೆ ಊರು. ದೊಡ್ಡವನ್ನ ತಂದ್ರ ಅವು ಇಲ್ಲಿ ಬೀಗರಿದ್ದಂಗ’ ಎಂದಿರಿ. ಹೊಸ ಗೂಡಿನಲ್ಲಿ ಒಮ್ಮೆ ತತ್ತಿ ಇಟ್ಟ ಮೇಲೆಯೇ ಅವು ಈ ಮನೆಯವಾಗುತ್ತವೆ, ಅಲ್ಲಿಯ ತನಕ ರೆಕ್ಕೆಗೆ ಕಟ್ಟಿದ ದಾರ ಬಿಚ್ಚಬಾರದು ಎಂಬುದು ನಿಮ್ಮದೇ ಕಟ್ಟಳೆ. ಆದರೂ ಆ ಬುಧವಾರ ಬೆಳಿಗ್ಗೆ ಒಂದೊಂದನ್ನೇ ಮಡಿಲಿಗೆ ತೆಗೆದುಕೊಂಡು ದಾರ ಬಿಚ್ಚಿ ಹಾರಿಬಿಟ್ಟಿರಿ. ಹಳೆ ಮನೆ ಕೆಡಹುವುದು ಶನಿವಾರ ಎಂದಿದ್ದರು. ಗುತ್ತಿಗೆದಾರನ ಜೆಸಿಬಿ ಮಂಗಳವಾರವೇ ಬಂದು ಹೋಗಿತ್ತು, ಸುದ್ದಿ ನಮಗೆ ಮುಟ್ಟಿರಲಿಲ್ಲ. ಹಕ್ಕಿಗಳು ತಿರುಗಿ ಬರಲಿಲ್ಲವೆಂದು ನೀವು ಹುಡುಕಿಕೊಂಡು ಹಳೆ ಓಣಿಗೆ ಹೋದಿರಿ. ಮುಂದಿನದನ್ನು ನನಗೆ ಹೇಳಿದವರು ಆ ಓಣಿಯ ಜೋಳದ ಅಂಗಡಿಯ ಅಂದಾನಪ್ಪನವರು. ‘ಮ್ಯಾಲೆ ಹಕ್ಕಿ ಸುತ್ತಾಕತ್ತಾವ, ತೆಳಗ ಮುರ್ತುಜಸಾಬ ಮಣ್ಣಿನ ಗುಂಪಿ ಮ್ಯಾಲೆ ನಿಂತು ಕಾಳಿನ ಡಬ್ಬಿ ಅಲ್ಲಾಡಿಸಾಕತ್ತಾನ. ನನಗ ನೋಡಾಕ ಆಗಲಿಲ್ಲ ತಂಗಿ’ ಎಂದು ಕಣ್ಣೊರೆಸಿಕೊಂಡರು. ಮಾಳಿಗೆಯ ಮೇಲಲ್ಲದೆ ಬೇರೆಲ್ಲೂ ಕಾಳು ತಿಂದು ಗೊತ್ತಿಲ್ಲದ ಹಕ್ಕಿಗಳು ನೆಲಕ್ಕೆ ಹೇಗೆ ಇಳಿದಾವು? ಸಂಜೆಯ ಹೊತ್ತಿಗೆ ದಿಕ್ಕಾಪಾಲಾದವು. ನಿಮ್ಮ ಪೈಲ್ವಾನ, ಅಷ್ಟು ದೊಡ್ಡ ಎದೆಯ ಗಂಡು, ಕರೆಂಟಿನ ತಂತಿಗೆ ಬಡಿದು ಬಿತ್ತು. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು ಹಿತ್ತಲ ಬೇವಿನ ಸಸಿಯ ಬುಡದಲ್ಲಿ ಮಣ್ಣು ಮಾಡಿದಿರಿ. ಊಟ ಮಾಡಲಿಲ್ಲ. ಮರುದಿನ ಇಳಕಲ್ಲಿನ ಬಸ್ಸು ಹತ್ತಿದಿರಿ.

ಮುರ್ತುಜಸಾಬರ ಅಂದಾಜು ತಪ್ಪಿತು, ವಯಸ್ಸಾಯಿತು ಎಂದು ಎಲ್ಲರೂ ಮಾತಾಡುತ್ತಾರೆ. ನಾನು ಒಪ್ಪುವುದಿಲ್ಲ. ನೀವು ದಾರ ಬಿಚ್ಚುವಾಗ ನಾನು ಅಡುಗೆಮನೆಯ ಕಿಟಕಿಯಿಂದ ನಿಮ್ಮ ಮುಖ ನೋಡಿದ್ದೆ. ಮನೆ ಬೀಳುವ ಮುಂಚೆ ಅವಾದರೂ ಒಮ್ಮೆ ಅದನ್ನು ನೋಡಿಕೊಂಡು ಬರಲಿ ಎಂದು ನೀವು ಬೇಕೆಂದೇ ಬಿಟ್ಟಿರಿ. ನಮಗಿಬ್ಬರಿಗೂ ಹೋಗಿ ನೋಡುವ ಧೈರ್ಯ ಇರಲಿಲ್ಲ, ನಮ್ಮ ಬದಲು ಅವು ಹೋದವು. ಇದು ತಪ್ಪಾದರೆ ನನ್ನ ಪಾಲಿಗೂ ಅರ್ಧ ಬರೆದುಕೊಳ್ಳಿ. ಆದರೆ ತಪ್ಪಲ್ಲ ರೀ. ಅಷ್ಟು ವರ್ಷ ಬಾಳಿದ ಮನೆಯ ಮೇಲೆ ಜೀವ ಇಟ್ಟದ್ದು ತಪ್ಪು ಎಂದು ಯಾರು ಹೇಳುತ್ತಾರೆ?

ಭಾನುವಾರ ನಾಹಿದಾ ಶಿರೂರಿನಿಂದ ಬಂದಿದ್ದಳು. ಸಾಲೆಯಲ್ಲಿ ಈಗ ರೆಕ್ಕೆಯ ಪಾಠ ನಡೆಸಿದ್ದಾಳಂತೆ, ಹಕ್ಕಿಯ ರೆಕ್ಕೆ, ವಿಮಾನದ ರೆಕ್ಕೆ, ಎರಡನ್ನೂ ಗಾಳಿ ಹೇಗೆ ಎತ್ತುತ್ತದೆ ಎಂದು. ಪಾರಿವಾಳ ದಾರಿ ಹಿಡಿಯುವುದು ಸೂರ್ಯನನ್ನು ನೋಡಿಯೋ, ಭೂಮಿಯ ಅಯಸ್ಕಾಂತದಿಂದಲೋ, ವಾಸನೆಯಿಂದಲೋ, ಓದಿದವರಿಗೇ ಇನ್ನೂ ಪೂರ್ತಿ ಬಗೆಹರಿದಿಲ್ಲವಂತೆ. ಆಮೇಲೆ ಫೋನಿನ ನಕಾಶೆಯಲ್ಲಿ ನಮ್ಮ ಹಳೆ ಓಣಿ ತೆಗೆದು ತೋರಿಸಿದಳು. ಮೇಲಿನಿಂದ ಉಪಗ್ರಹ ತೆಗೆದ ಚಿತ್ರ. ಅದರಲ್ಲಿ ನಮ್ಮ ಮನೆ ಇನ್ನೂ ಹಾಗೆಯೇ ಇದೆ! ಮಾಳಿಗೆ, ಮೆಟ್ಟಿಲು, ಮೂಲೆಯಲ್ಲಿ ಗೂಡಿನ ಕಪ್ಪು ಚುಕ್ಕೆ. ಆಕಾಶದಲ್ಲಿರುವವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ತಾಯಿ ಮಗಳು ಇಬ್ಬರೂ ಅತ್ತೆವು. ನೀವು ಬಂದಾಗ ತೋರಿಸಬೇಕೋ ಬೇಡವೋ ಇನ್ನೂ ನಿರ್ಧರಿಸಿಲ್ಲ.

ಹೋಗುವಾಗ ನಾಹಿದಾ ನಿಮ್ಮ ಪ್ರಳಯದ ಕಥೆ ನೆನಪಿಸಿದಳು. ಲೋಕವೆಲ್ಲ ನೀರಾಗಿ, ಹಡಗಿನಿಂದ ಪಾರಿವಾಳವನ್ನು ಹಾರಿಬಿಟ್ಟದ್ದು. ಹಕ್ಕಿ ಎಲೆ ಕಚ್ಚಿಕೊಂಡು ಬಂದದ್ದು, ಕೆಸರು ತುಳಿದು ಅದರ ಕಾಲು ಕೆಂಪಾದದ್ದು, ಇಷ್ಟನ್ನೇ ನೀವು ಕುಣಿಸಿ ಕುಣಿಸಿ ಹೇಳುತ್ತಿದ್ದಿರಿ. ಅದಕ್ಕೂ ಮುಂಚೆ ಒಮ್ಮೆ ಅದು ಕಾಲೂರಲು ಜಾಗ ಸಿಗದೆ ಬರಿಗಾಲಲ್ಲಿ, ಬರಿಬಾಯಲ್ಲಿ ತಿರುಗಿ ಬಂತಲ್ಲ, ಅದನ್ನು ಬೇಗ ದಾಟಿಸಿಬಿಡುತ್ತಿದ್ದಿರಿ. ಆಗ ಹಡಗಿನವರು ಏನೂ ಕೇಳದೆ ಕೈ ಚಾಚಿ ಒಳಗೆ ಕರೆದುಕೊಂಡರು. ನನಗೆ ಕಥೆಯಲ್ಲಿ ಅದೇ ದೊಡ್ಡದು.

ನಿಮ್ಮ ತಂಗಿಗೂ ಅಬ್ದುಲಸಾಬರಿಗೂ ಸಲಾಮು ಹೇಳಿ. ಮನೆಯ ಮಕ್ಕಳಿಗೆ ನನ್ನ ದುವಾ. ಅಲ್ಲಾಹ ನಿಮ್ಮನ್ನು ಆರೋಗ್ಯವಾಗಿ ಇಡಲಿ, ಮೊಣಕಾಲಿಗೆ ಎಣ್ಣೆ ಹಚ್ಚುವ ಬುದ್ಧಿಯನ್ನೂ ಕೊಡಲಿ.

ನಿಮ್ಮ,
ಹಜರತಬಿ

ತಾ.ಕ.: ಸುರ್ಮಿ ಬಂದಿದೆ. ಅದೇ, ಕಣ್ಣಿಗೆ ಸುರ್ಮಾ ಹಚ್ಚಿದಂತಿರುವ ನಿಮ್ಮ ಬಿಳಿ ಹೆಣ್ಣು, ಪೈಲ್ವಾನನ ಜೋಡಿ. ನೀವು ಹೋದ ಮಾರನೆಯ ದಿನವೇ ಬಂದು ಗೂಡಿನ ಮೇಲೆ ಕೂತಿತ್ತು. ಮತ್ತೆ ಹಾರಿಹೋದರೆ ನಿಮಗೆ ಇನ್ನೊಮ್ಮೆ ಸಂಕಟ ಎಂದು ಹೇಳಿರಲಿಲ್ಲ. ಈಗ ಹೇಳುವ ಧೈರ್ಯ ಬಂದಿದೆ, ಯಾಕೆಂದರೆ ಹೊಸ ಗೂಡಿನಲ್ಲಿ ಎರಡು ತತ್ತಿ ಇಟ್ಟಿದೆ. ರಾತ್ರಿಯೆಲ್ಲ ತಾನೇ ಕೂರುತ್ತದೆ. ಬೆಳಗಾದ ಮೇಲೆ ಕತ್ತು ಎತ್ತಿ ಎತ್ತಿ ಪೈಲ್ವಾನನ ದಾರಿ ನೋಡುತ್ತದೆ, ನೋಡಲಾಗುವುದಿಲ್ಲ. ಅದು ಕಾಳು ತಿನ್ನಲು ಎದ್ದಾಗ ನಾನು ಅಂಗೈ ಮುಚ್ಚಿ ತತ್ತಿ ಬೆಚ್ಚಗೆ ಇಡುತ್ತಿದ್ದೇನೆ. ಮೊದಮೊದಲು ಕುಕ್ಕಿತು, ಈಗ ಸುಮ್ಮನಿರುತ್ತದೆ. ಆದರೆ ನನಗೆ ಒಲೆಯೂ ಇದೆ, ನಮಾಜೂ ಇದೆ, ದಿನವಿಡೀ ಮಾಳಿಗೆಯ ಮೇಲೆ ಕೂರಲು ಆಗುವುದಿಲ್ಲ. ಬೆಳಗಿನ ಮೊದಲ ಬಸ್ಸು ಹಿಡಿದು ಬನ್ನಿ. ಹಗಲಿನ ಪಾಳಿ ನಿಮ್ಮದು.