ಹುಳದ ಮನೆಯಲ್ಲಿ ಕಥೆಯ ದಿನ

ಮೇಲೂರು

ಮಗಳು ಶ್ರೀವಿದ್ಯಾಳಿಗೆ,

ನಟಿಯಾದೆ, ನಿರ್ಮಾಪಕಿಯೂ ಆದೆ, ಈಗ ಊರ ಹೆಂಗಸರಿಂದ ಕಥೆ ಹೇಳಿಸಲು ಬರುತ್ತಿದ್ದೀಯ. ಸಂತೋಷ. ಆದರೆ ರೇಷ್ಮೆ ಮನೆಯಲ್ಲಿ ಹುಟ್ಟಿಯೂ, ಹುಳ ಹಣ್ಣಾಗಿ ಗೂಡು ಕಟ್ಟುವ ಭಾನುವಾರವೇ ಶಾಲೆಯಲ್ಲಿ ಸಭೆ ಇಟ್ಟಿದ್ದೀಯ. ಅಂದು ಬೀದಿಯ ಹೆಂಗಸರೆಲ್ಲ ನಮ್ಮಲ್ಲಿ ಹಣ್ಣಾದ ಹುಳ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. “ನಿಮ್ ಮಗಳು ಖಾಲಿ ಕುರ್ಚಿಗೆ ಕಥೆ ಹೇಳ್ತಾಳೆ ಬಿಡಕ್ಕ” ಎಂದು ಪಕ್ಕದ ಮನೆಯ ಆಸ್ಮಾ ನಕ್ಕಳು.

ಅದಕ್ಕೆ ಸಭೆಯನ್ನು ನಮ್ಮ ಹುಳದ ಮನೆಗೇ ಬದಲಾಯಿಸಿದ್ದೇನೆ. ಕೈ ಹುಳ ಆರಿಸಲಿ, ಬಾಯಿ ಕಥೆ ಹೇಳಲಿ.

ಸೆಂಟು, ಪೌಡರು ಹಾಕಿಕೊಂಡು ಬರಬೇಡ, ಹುಳಕ್ಕೆ ಆಗುವುದಿಲ್ಲ. ಸಿನಿಮಾದಲ್ಲಿ ಅಳುವಂತೆ ಇಲ್ಲಿ ಅಳಲೂ ಬೇಡ.

ಮನೆಯ ಮಾತು ಊರಿಗೆ ಹೇಳುವವಳಲ್ಲ ನಾನು ಎಂದು ಹೋದ ಸಲ ನೀನು ಕಥೆ ಕೇಳಿದಾಗ ಗದರಿದ್ದೆ. ಆದರೂ ಮೊದಲ ಕಥೆ ನನ್ನದೇ. ನಡುವೆ ಬಾಯಿ ಹಾಕಬೇಡ.

ನಿನ್ನ ಅಮ್ಮ,
ಗಂಗುಲಮ್ಮ