ಅಪ್ಪನ ಲೆನ್ಸಿಗೆ ಕೆಂಪು ಗಾಜು

ಆಗಸ್ಟ್ 7, ಬುಧವಾರ. ಅಫಜಲಪುರ

ಬೆಳಗಿನಿಂದ ನನ್ನ ಫೋಟೋ ಅಂಗಡಿಯಲ್ಲಿ ಪಾಸ್‌ಪೋರ್ಟ್ ಸೈಜ್, ಬರೀ ಪಾಸ್‌ಪೋರ್ಟ್ ಸೈಜ್. ಸ್ಕಾಲರ್‌ಶಿಪ್ ಅರ್ಜಿಯ ಕಾಲ. ಕಿವಿ ಕಾಣುವಂತೆ ಕೂದಲು ಸರಿಸು ಎಂದರೆ ಒಂದು ಹುಡುಗಿ ನನ್ನನ್ನೇ ಗುರಾಯಿಸಿದಳು. ಗುರಾಯಿಸಲಿ. ಕಿವಿ ಬಂತು.

ಮಧ್ಯಾಹ್ನ ಗುರುಪಾದಣ್ಣನ ಫೋನ್. ಎತ್ತಲಿಲ್ಲ. ಮತ್ತೆ ಮಾಡಿದ. ಪಂಚಮಿಗೆ ಬರುತ್ತಾನಂತೆ. ಅಪ್ಪ ಹೋದ ಮೇಲೆ ಒಂದು ವರ್ಷವೂ ತಂಗಿಯನ್ನು ಕರೆಯಲು ಬಾರದವನು ಈಗ ಬರುತ್ತಾನೆಂದರೆ... ಉಂಡಿ ತಿನ್ನಲಿಕ್ಕಂತೂ ಅಲ್ಲ.

ಆಗಸ್ಟ್ 9, ಶುಕ್ರವಾರ. ಪಂಚಮಿ

ಕ್ಯಾಮೆರಾ ಕೇಳಲು ಬಂದಿದ್ದ. ಅಂದುಕೊಂಡದ್ದೇ.

ಜೇವರ್ಗಿಯಲ್ಲಿ ಹೊಸ ಸ್ಟುಡಿಯೋ ತೆರೆಯುತ್ತಾನೆ. ಬಾಗಿಲಲ್ಲಿ ಗಾಜಿನ ಕಪಾಟು, ಒಳಗೆ ಅಪ್ಪನ ಕ್ಯಾಮೆರಾ, ಮೇಲೊಂದು ಲೈಟು. ಆಳಂದದ ಸುತ್ತ ಹಳ್ಳಿ ಹಳ್ಳಿಗೆ ಅಪ್ಪ ಹೆಗಲ ಮೇಲೆ ಹೊತ್ತು ತಿರುಗಿದ ಕಟ್ಟಿಗೆಯ ಕ್ಯಾಮೆರಾ. ಹಿತ್ತಾಳೆಯ ಲೆನ್ಸು. ಇವನ ಡ್ರೋನುಗಳ ಪಕ್ಕ ಶೋಪೀಸು.

"ನಿನ್ನ ಕಡಿ ಟ್ರಂಕಿನ್ಯಾಗ ಕೊಳ್ಯಾಕತ್ತದ. ನನ್ನ ಕಡಿ ಇದ್ರ ನಾಕು ಮಂದಿ ನೋಡ್ತಾರ."

"ಅದು ಇರೋದು ನೋಡಾಕ ಅಲ್ಲ, ಫೋಟೋ ತೆಗಿಯಾಕ."

"ಯಾರು ತೆಗೀತಾರ? ನೀನಾ? ಅರ್ಜಿಗೆ ಹಚ್ಚೋ ಫೋಟೋ ತೆಗದಂಗಲ್ಲ ಬೇ ಅದು."

ಜೋಳದ ಅಳ್ಳು ಹಸನು ಮಾಡುತ್ತ ಕೂತಿದ್ದ ಅವ್ವ ಮೊರ ಕೆಳಗಿಟ್ಟಳು. ಗೋಡೆಯ ಫೋಟೋ ತೋರಿಸಿದಳು. ಮದುವೆಯಾದ ಹೊಸದರಲ್ಲಿ ಅಪ್ಪ ತೆಗೆದದ್ದು. ಘತ್ತರಗಿಯಲ್ಲಿ ಹೊಳೆಯ ಮೆಟ್ಟಿಲ ಮೇಲೆ ಅವ್ವ, ತಲೆಯ ಹಿಂದೆ ರಾಶಿ ಮೋಡ.

"ಇಬ್ರೂ ಬಾಯಿ ಮುಚ್ರಿ. ವಿಜಯಾ, ಆ ಕ್ಯಾಮೆರಾದಾಗ ನನ್ನ ಇಂಥಾದ ಇನ್ನೊಂದು ಫೋಟೋ ತೆಗಿ. ಅದೇ ಮೆಟ್ಲ, ಹಿಂದ ಮೋಡ. ಒಂದ್ ಸಲ ಬರ್ತೇನಿ. ಮತ್ತ ಬಾ ಅಂದ್ರ ನನ್ನ ಮೊಣಕಾಲು ಕೇಳಂಗಿಲ್ಲ. ಬಂದ್ರ ಕ್ಯಾಮೆರಾ ನಿಂದು. ಬರ್ಲಿಲ್ಲಂದ್ರ ಬಾಯಿ ಮುಚಗೊಂಡು ಅಣ್ಣಗ ಕೊಡು."

ಅಣ್ಣ ನಕ್ಕ. ಆ ನಗು ಮರೆಯುವುದಿಲ್ಲ. ಉಂಡಿ ಡಬ್ಬಿ ತುಂಬಿ ಕೊಟ್ಟೆ, ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟೆ.

ಆಗಸ್ಟ್ 12, ಸೋಮವಾರ

ಟೆಸ್ಟ್ ಮಾಡಿದೆ. ಇಷ್ಟು ದೊಡ್ಡ ಫಿಲ್ಮ್ ಈಗ ನಮ್ಮ ಕಡೆ ಎಲ್ಲಿ ಸಿಗುತ್ತದೆ? ಕಲಬುರಗಿಯ ಒಬ್ಬ ಡಾಕ್ಟರ ಹತ್ತಿರ ಹಳೆಯ ಎಕ್ಸ್‌ರೇ ಫಿಲ್ಮ್ ಉಳಿದಿತ್ತು— ಅಲ್ಲೂ ಎಲ್ಲ ಕಂಪ್ಯೂಟರ್ ಆಗಿದೆ. ಕತ್ತರಿಸಿ ಹೋಲ್ಡರಿಗೆ ಹಾಕಿದೆ. ಬಚ್ಚಲಮನೆಯೇ ಡಾರ್ಕ್‌ರೂಮು. ಅಪ್ಪನ ಕೆಂಪು ಬಲ್ಬು ಇನ್ನೂ ಉರಿಯುತ್ತದೆ.

ಮಾಳಿಗೆಯ ಮೇಲೆ ಅವ್ವನನ್ನು ಕೂರಿಸಿದೆ. ಮುಖ ಬಂತು. ವಿಭೂತಿ, ಮೂಗುತಿ, ಒಂದು ಸುಕ್ಕೂ ಬಿಡದೆ. ಆಕಾಶ ಮಾತ್ರ ಬೋಳು. ಅಷ್ಟೊಂದು ಮೋಡವಿತ್ತು, ಒಂದೂ ಇಲ್ಲ.

"ಇದೇನು, ನನ್ನ ಹಿಂದ ಸುಣ್ಣದ ಗ್ವಾಡಿ ಅದ?" ಅಂದಳು ಅವ್ವ.

ಲೆನ್ಸಿನ ಮುಂದೆ ಬಣ್ಣದ ಗಾಜು ಬೇಕು. ಮೋಡ ತೆಗೆಯುವಾಗ ಅಪ್ಪ ಹಾಕುತ್ತಿದ್ದದ್ದು ನೆನಪಿದೆ. ಅದು ಉಳಿದ ಸಾಮಾನಿನ ಜೊತೆ ಜೇವರ್ಗಿಗೆ ಹೋಗಿದೆ. ಅವನನ್ನು ಕೇಳಬೇಕಲ್ಲ, ಕರ್ಮ.

ಆಗಸ್ಟ್ 14, ಬುಧವಾರ

ಕೇಳಿದೆ. ಒಂದೇ ಮಾತಿಗೆ ಹೂಂ ಅಂದ. ಸಂಜೆಯೊಳಗೆ ಪರಿಚಯದವರ ಕೈಯಲ್ಲಿ ಕಳಿಸಿಯೂ ಬಿಟ್ಟ. ಕೆಂಪು ಗಾಜು. ಚೌಕ, ಅಂಗೈಗಿಂತ ದೊಡ್ಡದು. ಬೆನ್ನಿಗೇ ಫೋನ್.

"ಇದು ಹಾಕಿದ್ರ ಆಕಾಶ ಕರ್ರಗ, ಮೋಡ ಬೆಳ್ಳಗ. ಅಪ್ಪ ಹಾಕ್ತಿದ್ದದ್ದು ಇದೇ. ಬೆಳಕು ಭಾಳ ಹೊತ್ತು ಬಿಡಬೇಕು, ಎಂಟು ಪಟ್ಟು. ಫಿಲ್ಮ್ ಯಾವ್ದು ಹಾಕಿದಿ?"

"ಎಕ್ಸ್‌ರೇ."

ಸ್ವಲ್ಪ ಹೊತ್ತು ಮಾತಿಲ್ಲ. "ಹಾಂ... ಆಗ್ಲಿ," ಅಂದು ಇಟ್ಟುಬಿಟ್ಟ.

ಇವನು ಇಷ್ಟು ಒಳ್ಳೆಯವನಾದದ್ದು ಯಾವಾಗ? ನಾನು ಸೋಲುತ್ತೇನೆ ಅನ್ನುವುದು ಖಾತ್ರಿ, ಅದಕ್ಕೇ ಧಾರಾಳ.

ಆಗಸ್ಟ್ 17, ಶನಿವಾರ

ಗಾಜೇನೋ ಬಂತು. ಕೂರಿಸುವುದು ಹೇಗೆ? ಲೆನ್ಸಿನ ಬಾಯಿ ಚಹಾದ ಬಸಿಯಷ್ಟು ಅಗಲ. ತಿರುಪಿ ಕೂರಿಸುವ ಫಿಲ್ಟರ್ ಯಾವುದೂ ಇದಕ್ಕೆ ಸಾಲದು.

ತಗಡಿನ ಡಬ್ಬಿ ಮಾಡುವ ಮೆಹಬೂಬನ ಹತ್ತಿರ ಹೋದೆ. ಲೆನ್ಸಿನ ಮೇಲೆ ಕೂರುವ ಬಳೆ, ಅದರ ಮುಂದೆ ಗಾಜು ಜಾರಿಸುವ ಚೌಕಟ್ಟು. ಚಿತ್ರ ಬರೆದು ಕೊಟ್ಟೆ.

"ಸುತ್ತ ಸ್ಕ್ರೂ ಹಾಕಿ ಬಿಗೀತೇನ್ರಿ ಅಕ್ಕಾರ."

"ಸ್ಕ್ರೂ ಗಿಕ್ರೂ ಬ್ಯಾಡ. ಹಿತ್ತಾಳಿಗೆ ಗೀರು ಬಿದ್ರ ನಿನ್ನ ಬಿಡಂಗಿಲ್ಲ ನೋಡು."

"ಮುಂಜಾನೆದ್ದು ಯಾರ ಮ್ಯಾಲ ಸಿಟ್ಟಾಗಿ ಬಂದೀರಿ?"

ಬಳೆಯ ಒಳಗೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸು ಅಂದೆ.

ಆಗಸ್ಟ್ 22, ಗುರುವಾರ

ಬಳೆ ಎರಡು ಸಲ ಕಳಚಿ ಬಿತ್ತು. ಪುಣ್ಯಕ್ಕೆ ಕೆಳಗೆ ಕೌದಿ ಹಾಸಿದ್ದೆ, ಗಾಜು ಉಳಿಯಿತು. ನೋಡಿದರೆ ಟ್ಯೂಬಿನ ಒಳಗಿನ ಪೌಡರ್ ಯಾರೂ ಒರೆಸಿಲ್ಲ. ಒರೆಸಿದೆ. ಈಗ ಹಿಡಿಯುತ್ತದೆ. ಆದರೆ ಗಾಜು, ತಗಡು ಸೇರಿ ಭಾರ— ಲೆನ್ಸು ಮುಂದಕ್ಕೆ ತೂಗುತ್ತದೆ, ಫೋಕಸ್ ಜಾರುತ್ತದೆ. ಕೆಳಗೆ ಅವ್ವನ ಲಟ್ಟಣಿಗೆಯ ಆಸರೆ ಕೊಟ್ಟೆ. ಸಂದಿಯಿಂದ ಬೆಳಕು ನುಗ್ಗದಂತೆ ಸುತ್ತ ಕಪ್ಪು ಬಟ್ಟೆ. ಗಟ್ಟಿ ಕೂತಿದೆ.

ಇನ್ನೊಂದು ಟೆಸ್ಟ್ ಬೇಕಿತ್ತು. ಫಿಲ್ಮ್ ಉಳಿದಿರುವುದು ನಾಲ್ಕೇ ಹಾಳೆ. ಬೇಡ.

ಆಗಸ್ಟ್ 25, ಭಾನುವಾರ. ಸಂಜೆ

ಸಿಟ್ಟಿಗೆ ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಘತ್ತರಗಿಗೆ ಅಣ್ಣನೂ ಬಂದ. ಅವ್ವನೇ ಕರೆದಿದ್ದಳು, ಕಾರು ಅವನದು. ಅವ್ವನನ್ನು ಮೆಟ್ಟಿಲ ಮೇಲೆ ಹಿಡಿದು ಇಳಿಸಿದ. ಭಾಗ್ಯವಂತಿ ಗುಡಿಗೆ ಬಂದ ಜನ ಸುತ್ತ ನಿಂತರು. ಭೀಮಾ ತುಂಬಿ ಹರಿಯುತ್ತಿತ್ತು. ಮೋಡ ಬೇಕಾದಷ್ಟು.

ಲೆನ್ಸಿಗೆ ಶಟರ್ ಇಲ್ಲ. ಗಾಜಿನ ಮುಂದಿನ ಕಪ್ಪು ರಟ್ಟು ಸರಿಸುವುದು, ಎಣಿಸುವುದು, ಮುಚ್ಚುವುದು. ಅಷ್ಟು ಹೊತ್ತೂ ಅವ್ವ ಅಲುಗಲಿಲ್ಲ. ಒಂದು ಹಾಳೆಯಾಯಿತು, ಎರಡಾಯಿತು, ಮೂರು. ಅಣ್ಣ ಪಕ್ಕದಲ್ಲಿ ಉಗುರು ಕಚ್ಚುತ್ತಿದ್ದ. ನನ್ನ ಕಡೆ ನೋಡುತ್ತಿರಲಿಲ್ಲ, ಅವ್ವನ ಕಡೆಯೇ ನೋಡುತ್ತಿದ್ದ.

ನಾಲ್ಕನೆಯದು. ರಟ್ಟು ಸರಿಸಿ ಎಣಿಸುತ್ತಿದ್ದೆ. ಪಕ್ಕದಿಂದ ಕೈ ಬಂತು. ಚೌಕಟ್ಟಿನಿಂದ ಗಾಜನ್ನೇ ಎಳೆದುಬಿಟ್ಟ. ನಾನು ರಟ್ಟು ಮುಚ್ಚುವಷ್ಟರಲ್ಲಿ ಬರೀ ಲೆನ್ಸು ಒಂದೆರಡು ಉಸಿರಿನಷ್ಟು ಹೊತ್ತು ತೆರೆದಿತ್ತು.

"ಏನ್ ಮಾಡಿದಿ ಲೇ?"

"ಗಾಜಿನ ಮ್ಯಾಲ ನೊಣ ಕುಂತಿತ್ತು."

ನೊಣವಂತೆ. ಹೊಟ್ಟೆಕಿಚ್ಚಿನವನೇ, ಅಪ್ಪನ ಹೆಸರು ಹೇಳಲಿಕ್ಕೂ ಲಾಯಕ್ಕಿಲ್ಲ ನೀನು ಅಂದೆ. ಎಲ್ಲರೆದುರೇ ಅಂದೆ. ಅವ್ವ ಕಣ್ಣು ಬಿಟ್ಟರೂ ನಿಲ್ಲಿಸಲಿಲ್ಲ. ಅವನು ಗಾಜು ಒರೆಸಿ ನನ್ನ ಕೈಗಿಟ್ಟ.

ಅವ್ವ ಕಾರಿನಲ್ಲಿ ಬಂದಳು. ನಾನು ಕ್ಯಾಮೆರಾ ಹೊತ್ತುಕೊಂಡು ಬಸ್ಸಿಗೆ. ಮೂರು ಉಳಿದಿವೆ, ಸಾಕು. ಅವನ ಮುಖ ಇನ್ನು ನೋಡುವುದಿಲ್ಲ.

ಆಗಸ್ಟ್ 26, ಸೋಮವಾರ. ಮುಂಜಾನೆ

ಮೊದಲನೆಯ ಹಾಳೆ, ಏನಿಲ್ಲ. ಕೆಮಿಕಲ್ ಹಳತಾಯಿತು ಅಂದುಕೊಂಡು ಹೊಸದು ಕಲಸಿದೆ. ಎರಡನೆಯದು ಏನಿಲ್ಲ. ಮೂರನೆಯದು...

"ಬಂತೇನ್ ಬೇ?" ಬಾಗಿಲಾಚೆ ಅವ್ವ.

"ಬರಾಕತ್ತದ." ಸುಳ್ಳು ಹೇಳಿದೆ.

ಬಯ್ಯಲು ಯಾರೂ ಇರಲಿಲ್ಲ. ತಲೆ ಎತ್ತಿದೆ. ಬಲ್ಬು ಕಂಡಿತು. ಕೆಂಪು ಬಲ್ಬು.

ಈ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ. ಅದಕ್ಕೇ ತಾನೆ ಕೆಂಪು ಬಲ್ಬಿನ ಕೆಳಗೆ ಬಿಚ್ಚಿ ತೊಳೆಯುವುದು. ಲೆನ್ಸಿಗೆ ಕೆಂಪು ಗಾಜು ಹಾಕಿದರೆ ಅದರ ಪಾಲಿಗೆ ಮುಚ್ಚಳ ಹಾಕಿದಂತೆ. ಅಪ್ಪ ಮೋಡ ತೆಗೆದ ಫಿಲ್ಮು ಬೇರೆ, ಅದನ್ನು ಕಗ್ಗತ್ತಲೆಯಲ್ಲಿ ತೊಳೆಯುತ್ತಿದ್ದ. ಇಷ್ಟು ದಿನ ಈ ಬೆಳಕಿನಲ್ಲಿ ಕೂತು ಕತ್ತರಿಸಿದೆ, ತುಂಬಿದೆ. ಹೊಳೆಯಲಿಲ್ಲ. ಕತ್ತೆ ನಾನು.

ಅವನಿಗೆ ಹೊಳೆದಿತ್ತು. ಎಕ್ಸ್‌ರೇ ಅಂದ ಕೂಡಲೇ ಸುಮ್ಮನಾದನಲ್ಲ. ಅವನೂ ಇದೇ ಬಲ್ಬಿನ ಕೆಳಗೆ ಬೆಳೆದವನು. ಗೊತ್ತಿದ್ದೂ "ಆಗ್ಲಿ" ಅಂದ. ಗೊತ್ತಿದ್ದೂ ಅವ್ವನನ್ನು ಅಷ್ಟು ಮೆಟ್ಟಿಲು ಇಳಿಸಿದ. ದ್ರೋಹಿ.

ನಾಲ್ಕನೆಯದನ್ನು ಬಿಸಾಡುವುದಿತ್ತು. ಆದರೂ ಕೆಮಿಕಲ್‌ನಲ್ಲಿ ಮುಳುಗಿಸಿದೆ.

ಗಾಜಿಲ್ಲದ ಆ ಒಂದೆರಡು ಉಸಿರಿನಲ್ಲಿ ಅವ್ವ ಹಾಳೆಯ ಮೇಲೆ ಬಂದಿದ್ದಳು. ಮೊದಲು ಹಣೆ, ಆಮೇಲೆ ಸೆರಗು, ಮೆಟ್ಟಿಲು, ಹೊಳೆ. ಒಂದು ಅಂಚಿನಲ್ಲಿ ಹೊಗೆಯಂತೆ ಕೈಯೊಂದು, ಅವನದು.

ಅದೇ ದಿನ, ಸಂಜೆ

ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕಿದೆ. ಅವ್ವ ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಮೋಡ ಇಲ್ಲ. ಇರ್ಲಿ ಬಿಡು, ನಾ ಛಲೋ ಬಂದೀನಿ. ಕ್ಯಾಮೆರಾ ನಿಂದೇ. ಅಣ್ಣಗ ಫೋನ್ ಹಚ್ಚಿ ಹೇಳು."

ಯಾರು ತೆಗೆದದ್ದು ಎಂದು ಹೇಳಲಿಲ್ಲ.

ಫೋನ್ ಹಚ್ಚಿದೆ. ಬಯ್ಯಬೇಕಾದದ್ದನ್ನೆಲ್ಲ ಸಾಲಾಗಿ ಜೋಡಿಸಿ ಇಟ್ಟುಕೊಂಡಿದ್ದೆ. ಮೊದಲ ರಿಂಗಿಗೇ ಎತ್ತಿದ. ಹಲೋ ಅನ್ನಲಿಲ್ಲ. ಮೊದಲ ಮೂರು ಹಾಳೆಗಳ ಮಾತೇ ತೆಗೆಯಲಿಲ್ಲ.

"ನಾಲ್ಕನೇದು ಬಂತೇನು?"

"ಬಂತು. ಅಂಚಿನ್ಯಾಗ ನಿನ್ನ ಕೈನೂ ಬಂದದ," ಅಂದೆ.