ಇಂಟೆಲೋ ಎಎಮ್‌ಡಿಯೋ, ಹೇಳಬೇಡಿ

ಮಲ್ಕಾಜ್‌ಗಿರಿ, 14-8-2001

ಅಣ್ಣ ಮೌನಪ್ಪನವರಿಗೆ ಶಿವದೇವಿಯ ನಮಸ್ಕಾರ.

ಮನೆಯ ಕಂಪ್ಯೂಟರಿಗೆ ಇಂಟೆಲ್ ಪ್ರೊಸೆಸರ್ ಹಾಕಲೋ ಎಎಮ್‌ಡಿ ಹಾಕಲೋ ಎಂದು ಕೇಳಲು ನಮ್ಮ ಮನೆಯವರು ಭಾನುವಾರ ನಿಮ್ಮ ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡುತ್ತಾರೆ. ದಯವಿಟ್ಟು ಯಾವುದನ್ನೂ ಹೇಳಬೇಡಿ.

ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ಅವರ ಕೆಲಸ ಹೋಗಿ ಎರಡು ತಿಂಗಳಾಯಿತು. ಈಗಲೂ ಬೆಳಿಗ್ಗೆ ಆಫೀಸಿನ ಐಡಿ ಕಾರ್ಡ್ ಕೊರಳಿಗೆ ಹಾಕಿಕೊಂಡು, ಬಿಚ್ಚಿಟ್ಟ ಕಂಪ್ಯೂಟರಿನ ಮುಂದೆ ಕೂತು ಎರಡನ್ನೂ ತೂಗಿ ನೋಡುತ್ತಾರೆ. ಸಂಜೆ “ಇನ್ನಾ ಪಕ್ಕಾ ಆಗಿಲ್ಲ, ನಾಳೆ ನೋಡೂಣು” ಎನ್ನುತ್ತಾರೆ. ಆ ‘ನಾಳೆ’ ಕೇಳಿದ ಮೇಲೆಯೇ ನನಗೆ ತುತ್ತು ಇಳಿಯುವುದು.

ನಿನ್ನೆ ಮಾತ್ರ, “ಇದೊಂದು ಮುಗದ್ರ ನಂದೇನೂ ಬಾಕಿ ಇಲ್ಲ ನೋಡು” ಎಂದರು.

ನೀವೇ ಬಂದು ಆರಿಸಿಕೊಡುವುದಾಗಿ ಹೇಳಿ, ಸೋಮವಾರದ ರೈಲಿಗೆ ಬನ್ನಿ. ಬಂದ ಮೇಲೂ ಬೇಗ ಆರಿಸಬೇಡಿ.

ನಿಮ್ಮ ತಂಗಿ,
ಶಿವದೇವಿ